ಹೂಂಗುಟ್ಟದ ಶನಿವಾರ

ಕಳೆದ ವಾರ ನಮ್ಮ ಮನೆಗೆ ಒಂದು ಸಣ್ಣ ಗೋಣಿಚೀಲ ಬಂತು. ಒಳಗೆ ಕಾಳುಮೆಣಸು. ತಂದವರು ಯಾರೆಂದು ಆಮೇಲೆ ಹೇಳುತ್ತೇನೆ. ಮೆಣಸನ್ನು ಡಬ್ಬಿಗೆ ಸುರಿದು ಚೀಲ ಕೊಡವಿದಾಗ ಮೆಣಸಿನ ಘಾಟಿನ ಹಿಂದೆ ಇನ್ನೊಂದು ವಾಸನೆ ಬಂತು. ಒಣಗಿದ ಕಾಫಿ ಹಣ್ಣಿನ ಸಿಪ್ಪೆಯದು, ಸ್ವಲ್ಪ ಮುಗ್ಗಲಿನದು... ಚೀಲ ಹಿಡಿದುಕೊಂಡು ಅಡುಗೆಮನೆಯಲ್ಲೇ ನಿಂತುಬಿಟ್ಟೆ. ನಾನು ಅಕ್ಷರ ಕಲಿತದ್ದು ಅಂಥ ಚೀಲದ ಮೇಲೆ ಕೂತು.

ಅರವತ್ತರ ದಶಕದ ಮೊದಲ ವರ್ಷಗಳು. ಹಾನುಬಾಳಿನಿಂದ ಮೇಲಕ್ಕೆ, ಒಂದು ಎಸ್ಟೇಟಿನಲ್ಲಿ ಹಿಂದೆ ಕಾಫಿ ತುಂಬಿಡುತ್ತಿದ್ದ ಹಳೆಯ ಸ್ಟೋರಿನಲ್ಲಿ ನಮ್ಮ ಶಾಲೆ ನಡೆಯುತ್ತಿತ್ತು. ಮೇಲೆ ಹುಲ್ಲಿನ ಮಾಡು, ಕೆಳಗೆ ಮಣ್ಣಿನ ನೆಲ. ಮಕ್ಕಳು ಮನೆಯಿಂದ ಒಂದೊಂದು ಗೋಣಿಚೀಲ ತಂದು ಹಾಸಿಕೊಳ್ಳಬೇಕು. ಅಪ್ಪ, ಅವ್ವ ಅದೇ ಎಸ್ಟೇಟಿನಲ್ಲಿ ಕೂಲಿ, ನಾವಿದ್ದದ್ದು ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ. ನಮ್ಮ ಲೈನಿನಿಂದ ಶಾಲೆಗೆ ಹೋಗುತ್ತಿದ್ದ ಹೆಣ್ಣುಮಗು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಇಡೀ ಶಾಲೆಗೆ ಒಬ್ಬರೇ ಮೇಷ್ಟ್ರು. ತೆಳ್ಳಗಿದ್ದರು, ಕುತ್ತಿಗೆಗೆ ಸದಾ ಒಂದು ಮಫ್ಲರ್. ಶನಿವಾರ ಬೆಳಗಿನ ಶಾಲೆಯಲ್ಲಿ ಚರಿತ್ರೆ. ಪುಸ್ತಕ ಇದ್ದದ್ದು ಅವರೊಬ್ಬರ ಹತ್ತಿರ. ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಓದುತ್ತ ಓದುತ್ತ ಯಾವಾಗ ಪುಸ್ತಕ ಬಿಟ್ಟು ಕಥೆಗೆ ಇಳಿಯುತ್ತಿದ್ದರೋ ನಮಗೆ ತಿಳಿಯುತ್ತಲೇ ಇರಲಿಲ್ಲ. ಪ್ರತಿ ಶನಿವಾರ ಒಂದು ಮಗುವನ್ನು ಹೂಂಗುಟ್ಟಲು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಆ ಮಗು “ಹೂಂ” ಅನ್ನದೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ.

“ಹೂಂ ಅನ್ನೋರಿಲ್ಲದ ಕಥೆ ಗೋಡೆಗೆ ಹೇಳ್ದಂಗೆ ಕಣ್ರೋ. ನೀವು ಹೂಂ ಅಂದ್ರೆ ಒಪ್ಪಿದೀರಿ ಅಂತ ಅರ್ಥ” ಅನ್ನುತ್ತಿದ್ದರು.

ಮಂಜರಾಬಾದ್ ಕೋಟೆಯ ಕಥೆ ಬಂದಾಗ ಅವರು ನಮ್ಮನ್ನೆಲ್ಲ ಅದರೊಳಗೆ ಸೇರಿಸಿದರು. ಕೋಟೆ ಬಾಗಿಲಿಗೆ ಕಬ್ಬಿಣ ಬಡಿದವನು ಕಮ್ಮಾರರ ಹುಡುಗನ ಮುತ್ತಾತ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿದವರು ಅಂಗಡಿ ಸಾಹೇಬರ ಮಗಳ ಮುತ್ತಾತ. ನನ್ನ ಸರದಿಗೆ ಬಂದಾಗ ಪುಸ್ತಕ ಮುಚ್ಚಿ, ಬೆರಳನ್ನು ಹಾಳೆಯ ನಡುವೆ ಇಟ್ಟುಕೊಂಡರು.

“ಗುಡ್ಡದ ತುದೀಲಿ ಕೋಟೆ ಎದ್ದಿತು. ಆದ್ರೆ ನೀರು? ಎಲ್ಲಿ ತೋಡಿದರೂ ಬಂಡೆ. ಆಗ ಕಲ್ಲು ಹೊರೋ ಒಬ್ಬ ಹೆಂಗಸು ಬುಟ್ಟಿ ಕೆಳಗಿಟ್ಟು, ಅತ್ತಿ ಗಿಡ ಹಸಿರಾಗಿರೋ ಕಡೆ ಕೈ ತೋರಿಸಿ, ಇಲ್ಲಿ ತೋಡಿ ಅಂದಳು. ನೀರು ಚಿಮ್ಮಿತು. ಅವಳು ಯಾರು ಗೊತ್ತೇನೆ? ನಿಮ್ಮ ಅಜ್ಜಿಯ ಅಜ್ಜಿ!”

ಅಂದು ಹೂಂಗುಟ್ಟಲು ಕೂತಿದ್ದವಳು ನಾನೇ. ನನ್ನ ಹೂಂ ಎಷ್ಟು ಗಟ್ಟಿಯಾಗಿ ಬಂತೆಂದರೆ ಎಲ್ಲರೂ ನಕ್ಕರು.

ಈ ಕಥೆಯ ಬೆಲೆ ತಿಳಿಯಬೇಕಾದರೆ ಶಾಲೆಯ ಹಿಂದಿನ ಬಾವಿಯ ವಿಷಯ ಹೇಳಬೇಕು. ಲೈನಿನ ಮಕ್ಕಳು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಬೇರೆ ಯಾರಾದರೂ ಸೇದಿ ಮೇಲಿನಿಂದ ಹುಯ್ದರೆ ಬೊಗಸೆಯೊಡ್ಡಿ ಕುಡಿಯಬೇಕು. ಆವತ್ತು ಶಾಲೆ ಬಿಟ್ಟಮೇಲೆ ಅಂಗಡಿ ಸಾಹೇಬರ ಮಗಳು ಎಲ್ಲರನ್ನೂ ತಳ್ಳಿಕೊಂಡು ಬಂದು ಕೂಗಿದಳು: “ಇವಳಜ್ಜಿ ಇಲ್ದಿದ್ರೆ ಕೋಟೇಲಿ ಒಬ್ರೂ ಬದುಕ್ತಿರ್ಲಿಲ್ಲ. ಕೊಡ್ರೋ ಹಗ್ಗ ಅವಳಿಗೆ!”

ಕೊಟ್ಟರು! ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬೇಡ ಅನ್ನಲಿಲ್ಲ. ನಾನು ಮೊದಲ ಸಲ ಒಂದು ಬಾವಿಗೆ ಕೊಡ ಇಳಿಸಿದೆ. ಕೊಡ ನೀರಿಗೆ ಬಿದ್ದ ಸದ್ದು ಈಗಲೂ... ಇರಲಿ. ಅಲ್ಲಿಂದ ಒಂದು ಮಳೆಗಾಲ ಪೂರ್ತಿ ನನ್ನ ನೀರು ನಾನೇ ಸೇದಿ ಕುಡಿದೆ.

ಮಳೆ ನಿಂತು ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಎಸ್ಟೇಟ್ ಸಾಹುಕಾರರು ಶಾಲೆ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಮಾಡಿಗೆ ಹೆಂಚು ಹಾಕಿಸಿಕೊಡಿ ಎಂದು ಮೇಷ್ಟ್ರು ಬಹಳ ದಿನದಿಂದ ಕೇಳುತ್ತಿದ್ದರು. ಅದೂ ಒಂದು ಶನಿವಾರ. ಸಾಹುಕಾರರಿಗೆ ಕುರ್ಚಿ ಹಾಕಿ, ಪಕ್ಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ನಿಲ್ಲಿಸಿಕೊಂಡು, ಮೇಷ್ಟ್ರು ಕೋಟೆಯ ಕಥೆಯನ್ನೇ ತೆಗೆದರು. ಹೂಂಗುಟ್ಟಲು ನನ್ನನ್ನೇ ಕರೆದರು. ಅವ್ವ ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಿದ್ದಳು. ಸಾಹುಕಾರರ ಎದುರಿಗೆ ನಮ್ಮಜ್ಜಿಯ ಮಾತು ಬರುತ್ತದೆಂದು ನಾನು ಎದೆ ಉಬ್ಬಿಸಿ ಕೂತಿದ್ದೆ.

ಕಬ್ಬಿಣ ಬಂತು, ಹೂಂ ಅಂದೆ. ಉಪ್ಪು ಬಂತು, ಹೂಂ ಅಂದೆ. ಮೇಷ್ಟ್ರು ಪುಸ್ತಕ ಮುಚ್ಚಿ ಬೆರಳಿಟ್ಟುಕೊಂಡರು.

“ಆಗ ಕುದುರೆ ಏರಿ ಬಂದ ಒಬ್ಬ ಗೌಡರು ಇಳಿದು, ಅತ್ತಿ ಗಿಡದ ಕಡೆ ಕೈ ತೋರಿಸಿ, ಇಲ್ಲಿ ತೋಡಿ ಅಂದರು. ಅವರು ಬೇರೆ ಯಾರೂ ಅಲ್ಲ, ನಮ್ಮ ಸಾಹುಕಾರರ ಮುತ್ತಾತನವರು!”

ನನ್ನ ಬಾಯಿಂದ ಹೂಂ ಬರಲಿಲ್ಲ.

ಮೇಷ್ಟ್ರು ಕಾದರು. ಕಣ್ಣಲ್ಲೇ ಸನ್ನೆ ಮಾಡಿದರು. ಸಾಹುಕಾರರು ನಗುತ್ತ, “ಏನ್ ಮೇಷ್ಟ್ರೇ, ನಿಮ್ ಗಾಡಿ ನಿಂತೇ ಹೋಯ್ತಲ್ಲ?” ಅಂದರು.

“ಅದು ನಮ್ಮಜ್ಜಿ” ಅಂದೆ. “ನೀರು ತೋರ್ಸಿದ್ದು ನಮ್ಮಜ್ಜಿ. ನೀವೇ ಹೇಳಿದ್ರಲ್ಲ, ಮೇಷ್ಟ್ರೇ.”

ರೈಟರ್ ನನ್ನ ಕಡೆ ಒಂದು ಹೆಜ್ಜೆ ಇಟ್ಟ. ಮೇಷ್ಟ್ರು ಕೈಯೆತ್ತಿ ಅವನನ್ನು ತಡೆದರು. ನನ್ನ ಪರವಾಗಿ ಮಾತಾಡುತ್ತಾರೆ ಅಂದುಕೊಂಡೆ.

“ಮಕ್ಕಳು ಸ್ವಾಮಿ. ಕಥೆ ಕೇಳಿ ಕೇಳಿ ತಮ್ಮದೂ ಏನೋ ಒಂದು ಕಟ್ಟಿಕೊಂಡುಬಿಡ್ತವೆ” ಅಂದರು. ಆಮೇಲೆ ತಾವೇ “ಹೂಂ” ಅಂದುಕೊಂಡು ಕಥೆ ಮುಂದುವರಿಸಿದರು.

ಸೋಮವಾರ ಬಾವಿಯ ಹತ್ತಿರ ಕಮ್ಮಾರರ ಹುಡುಗ ಹಗ್ಗ ಕಿತ್ತುಕೊಂಡ. “ನಿಮ್ಮಜ್ಜಿ ಅಲ್ವಂತೆ ಕಣೇ. ಮೇಷ್ಟ್ರೇ ಅಂದ್ರಲ್ಲ! ಬುಡು ಹಗ್ಗ.” ಅಂಗಡಿ ಸಾಹೇಬರ ಮಗಳು ತಲೆ ತಗ್ಗಿಸಿಕೊಂಡು ನನ್ನ ಬೊಗಸೆಗೆ ನೀರು ಹುಯ್ದಳು. ಮೇಷ್ಟ್ರು ಬಾಗಿಲಲ್ಲೇ ಇದ್ದರು. ನೋಡಿ ಒಳಗೆ ಹೋದರು.

ರಾತ್ರಿ ಒಲೆ ಮುಂದೆ ಅವ್ವನಿಗೆ ಹೇಳಿ ಅತ್ತೆ. ಅವಳು ರಾಗಿ ಮುದ್ದೆ ತಿರುವುತ್ತಲೇ ಅಂದಳು: “ಅವ್ರೇ ಕೊಟ್ಟಿದ್ ಅಜ್ಜೀನ ಅವ್ರೇ ಕಿತ್ಕೊಂಡವ್ರೆ. ಅದ್ಕ್ಯಾಕ್ ಅಳ್ತೀಯ? ಯಾರೂ ಕಿತ್ಕೊಳಾಕಾಗ್ದಿದ್ದು ಏನಾದ್ರೂ ಕಲ್ಕೊ.”

ಕಲಿತೆ. ಹೆಂಚೂ ಬಂತು, ಸುಳ್ಳು ಹೇಳಬಾರದು. ಅದರಡಿಯಲ್ಲೇ ಕೂತು ಓದಿದೆ. ಆದರೆ ಮತ್ತೆಂದೂ ಹೂಂಗುಟ್ಟಲು ಎದುರಿಗೆ ಹೋಗಿ ಕೂರಲಿಲ್ಲ. ಮೇಷ್ಟ್ರೂ ಕರೆಯಲಿಲ್ಲ. ಹಠ ಹಿಡಿದು ಚರಿತ್ರೆಯಲ್ಲೇ ಬಿ.ಎ. ಮಾಡಿದೆ, ನಮ್ಮ ವಂಶದಲ್ಲೇ ಮೊದಲು. ಕೋಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನೀರು ತೋರಿಸಿದವರು ಯಾರೆಂದು ಎಲ್ಲಿಯೂ ಬರೆದಿಲ್ಲ. ಅಜ್ಜಿಯೂ ಇಲ್ಲ, ಗೌಡರೂ ಇಲ್ಲ. ಮೇಷ್ಟ್ರು ಕಟ್ಟಿದ ಕಥೆಯೆಂದು ಆಗ ಗೊತ್ತಾಯಿತು. ಕಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ, ಸಿಟ್ಟು ಅದನ್ನು ಕಿತ್ತು ಸಾಹುಕಾರರಿಗೆ ಕೊಟ್ಟದ್ದಕ್ಕೆ. ಎಲ್ಲವೂ ಇದ್ದವರಿಗೆ ಒಂದು ಬಾವಿ ಹೆಚ್ಚಾಯಿತು ಅಷ್ಟೆ. ನನಗೆ ಇದ್ದದ್ದು ಅದೊಂದೇ. ನಾನು ಪಾಸಾದ ಸುದ್ದಿ ಕೇಳಿ, ಒಮ್ಮೆ ಬಂದು ಹೋಗಲಿ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಹೋಗಲಿಲ್ಲ.

ಕಳೆದ ವಾರ ಮೆಣಸಿನ ಚೀಲ ತಂದವರು ಮೇಷ್ಟ್ರ ಮಗಳು. ಅವರಿಗೂ ಈಗ ತಲೆ ನರೆತಿದೆ. ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ನನಗೆ ತಿಳಿಸಿದವರಿರಲಿಲ್ಲ... ನಾನೂ ಕೇಳಿರಲಿಲ್ಲ. ಕಾಫಿ ಕುಡಿಯುತ್ತ ಅವರು ಹೇಳಿದರು: “ಅಪ್ಪ ಮನೇಲಿ ದಿನಾ ಕಥೆ ಹೇಳೋರು. ನಂಗೆ ತುಂಬಾ ಇಷ್ಟವಾಗ್ತಿದ್ದಿದ್ದು ಕೋಟೆ ಕಥೆ. ನೀರಿಲ್ದೆ ಎಲ್ರೂ ಒದ್ದಾಡ್ತಿರ್ತಾರೆ, ಆಗ ಕಲ್ಲು ಹೊರೋ ಒಬ್ಳು ಹೆಂಗಸು, ನಿಮ್ಮ ಲೈನಿನೋಳಂತೆ, ಬುಟ್ಟಿ ಕೆಳಗಿಟ್ಟು...”

ಹಾಗಾದರೆ ಮೇಷ್ಟ್ರು ಮರೆತಿರಲಿಲ್ಲ. ತಮ್ಮ ಮನೆಯ ಬಾಗಿಲು ಹಾಕಿಕೊಂಡಮೇಲೆ ನಮ್ಮಜ್ಜಿಗೆ ನೀರು ಸಿಗುತ್ತಿತ್ತು.

ಅಲ್ಲಿಗೆ ಬಂದು ಅವರ ಮಗಳು ನಿಲ್ಲಿಸಿದರು. ಅವರಪ್ಪ ಹತ್ತಿಸಿದ ಅಭ್ಯಾಸ. ನನ್ನ ಮುಖ ನೋಡುತ್ತ ಕಾದರು.

ಒಂದು ಹೂಂ ಅನ್ನಬಹುದಿತ್ತು. ಆ ಹೆಣ್ಣುಮಗಳ ತಪ್ಪೇನೂ ಇರಲಿಲ್ಲ. ಅಂಥ ಕಥೆ ಓದಿ ಹೇಳುವವರು ನನಗೆ ಆಮೇಲೆ ಸಿಗಲೂ ಇಲ್ಲ...

ಕಾಫಿ ಆರುತ್ತಿತ್ತು. ನನ್ನ ಬಾಯಿಂದ ಹೂಂ ಬರಲಿಲ್ಲ.