ಬರೆಯದೇ ಬರೆದೆ ಎಂದ ಸರ್ವರ್

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ‘ಸರ್ವರಕ್ಕ’ ಎನ್ನುತ್ತಿದ್ದರು. ರೋಗಿಗಳ ವಿವರವಿದ್ದ ಡೇಟಾಬೇಸ್ ಅವಳ ಸುಪರ್ದಿಯಲ್ಲಿತ್ತು. ಅದನ್ನು ನಡೆಸುತ್ತಿದ್ದ ಹಳೆಯ ಸರ್ವರ್ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ ಅದರ ಮೇಲೆ ಅವಳಿಗೆ ವಿಪರೀತ ಅಕ್ಕರೆ. ‘ಅದಕ್ಕೂ ಒಂದು ಊಟದ ಡಬ್ಬಿ ಕಟ್ಟಿಕೊಡ್ಲಾ?’ ಎಂದು ಗಂಡ ಕೆಣಕುತ್ತಿದ್ದ.

ಹೊಸ ಸರ್ವರ್ ಬಂತು. ರಜೆಯ ದಿನ ಎರಡಕ್ಕೂ ಒಂದೇ ಡೇಟಾಬೇಸ್ ಹಾಕಿ, ಒಂದೇ ಕೆಲಸ ಕೊಟ್ಟು ವೇಗ ಅಳೆದಳು. ಹುಡುಕುವುದರಲ್ಲಿ ಹೊಸದು ಮುಂದಿತ್ತು. ಹೊಸ ದಾಖಲೆ ಬರೆಯುವುದರಲ್ಲಿ ಮಾತ್ರ ಹಳೆಯದು ಅದನ್ನು ಎಲ್ಲೋ ಹಿಂದೆ ಹಾಕಿತು.

ಫಲಿತಾಂಶ ನೋಡಲು ಬಂದಿದ್ದ ಮ್ಯಾನೇಜರ್ ಪರದೆಯನ್ನೇ ದಿಟ್ಟಿಸಿದರು. “ಏನಮ್ಮಾ, ಆಮೆ ತಂದ್ಬಿಟ್ವಾ?”

“ನನಗೂ ತಲೆಬುಡ ಗೊತ್ತಾಗ್ತಿಲ್ಲ ಸರ್. ಆ ಹಳೇ ಡಿಸ್ಕು ಇಷ್ಟು ಬೇಗ ಬರೆಯೋಕೆ ಸಾಧ್ಯವೇ ಇಲ್ಲ.”

ಹಾಗೆಂದ ಮೇಲೆ ಅವಳಿಗೇ ಅನುಮಾನ ಹುಟ್ಟಿತು. ಸುಳ್ಳು ಹೆಸರುಗಳನ್ನು ತುಂಬಿಸುತ್ತ, ‘ಬರೆದಾಯಿತು’ ಎಂಬ ಉತ್ತರ ಬರುತ್ತಿರುವಾಗಲೇ ಹಳೆಯದರ ಕರೆಂಟಿನ ವೈರು ಕಿತ್ತಳು. ಮತ್ತೆ ಚಾಲೂ ಮಾಡಿ ನೋಡಿದರೆ ಕೊನೆಯ ಹೆಸರುಗಳೇ ಇಲ್ಲ. ಮತ್ತೊಮ್ಮೆ ಕಿತ್ತಳು, ಮತ್ತೆ ಅದೇ. ಹೊಸದರ ವೈರನ್ನೂ ಹಾಗೇ ಕಿತ್ತಳು, ಅದರಲ್ಲಿ ಒಂದೂ ಕಳೆದಿರಲಿಲ್ಲ. ಹಳೆಯ ಡಿಸ್ಕು ದಾಖಲೆಯನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು, ಬರೆಯುವ ಮೊದಲೇ ‘ಆಯಿತು’ ಎನ್ನುತ್ತಿತ್ತು. ಕರೆಂಟು ಹೋದರೆ ಎಲ್ಲ ಮಾಯ. ಇಷ್ಟು ವರ್ಷ ತಾನು ಅಕ್ಕರೆಯಿಂದ ಸಾಕಿದ ಸರ್ವರಿನ ವೇಗದ ಗುಟ್ಟು ಇದೇನಾ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಕೌಂಟರಿನ ಹಿರಿಯ ಗುಮಾಸ್ತೆಗೆ ವಿಷಯ ತಿಳಿಸಿದಳು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹಾಗಾದ್ರೆ ಆವತ್ತು ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟಾಗ ಕಾಣೆಯಾದ ರೋಗಿಗಳ ಹೆಸರುಗಳು... ನಾನು ಬರೆದಿದ್ದೆ ಅಲ್ವಾ?”

“ಬರೆದಿದ್ರಿ.”

“ಮ್ಯಾನೇಜರ್ ಬೈದಾಗ ನಾನೇ ಮರೆತೆ ಅಂದ್ಕೊಂಡೆ ಕಣಮ್ಮಾ. ನಮ್ಮಮ್ಮ ಕೊನೆಗೆ ನನ್ನ ಗುರುತೂ ಹಿಡೀತಿರಲಿಲ್ಲ. ಆ ಮರೆವಿನ ಕಾಯಿಲೆ ನನಗೂ ಬಂತು ಅಂತ ಒಳಗೊಳಗೇ ಕೊರಗ್ತಿದ್ದೆ. ಮನೇಲಿ ಬಾಯಿಬಿಟ್ಟಿಲ್ಲ.”

ಸರ್ವರಕ್ಕ ಆಕೆಯ ಕೈಹಿಡಿದು ಮ್ಯಾನೇಜರ್ ಕೋಣೆಗೆ ಕರೆದೊಯ್ದಳು. ಎಲ್ಲ ಕೇಳಿದ ಅವರು ಕುರ್ಚಿಯಿಂದೆದ್ದು, “ತಪ್ಪಾಯ್ತಮ್ಮಾ” ಎಂದರು. ಗುಮಾಸ್ತೆ ಅರ್ಧ ದಿನ ರಜೆ ಕೇಳಿ ಮನೆಗೆ ನಡೆದರು.

ಅಂದು ಕೌಂಟರಿನಲ್ಲಿ ಸರ್ವರಕ್ಕನೇ ಕೂತಳು. ಹೊಸ ಸರ್ವರ್ ‘ಬರೆದಾಯಿತು’ ಎಂದರೂ ನಂಬಿಕೆ ಬಾರದು. ಪ್ರತಿ ಹೆಸರನ್ನೂ ತೆರೆದು ನೋಡಿದ ಮೇಲೆಯೇ ಮುಂದಿನವರನ್ನು ಕರೆಯುತ್ತಿದ್ದಳು. ಸರತಿ ಬಾಗಿಲಾಚೆಗೂ ಬೆಳೆಯಿತು.