ಟವೆಲ್ ಹಾಕಿಟ್ಟ ಮನೆ

ನಂಜನಗೂಡು–ಟಿ. ನರಸೀಪುರ ಬಸ್ಸಿನ ಕಂಡಕ್ಟರ್ ಚೆಲುವರಾಜು "ಒಳಕ್ಕೆ ನಡೀರಿ" ಅಂತ ಗಂಟಲೆತ್ತಿದರೆ ಕಪಿಲಾ ಹೊಳೆಯ ಮೀನುಗಳೂ ಸರಿದು ಜಾಗ ಬಿಡುತ್ತಿದ್ದವು. ಒಂದು ಊರನ್ನೇ ಬಸ್ಸಿಗೆ ತುಂಬಿ, ಮಿಕ್ಕ ಸಂದಿಯಲ್ಲಿ ಆ ಊರಿನ ದನಕರುಗಳಿಗೂ ಸೀಟು ತೋರಿಸಿದ ಪುಣ್ಯಾತ್ಮ. ರಿಟೈರ್ ಆದ ಮೇಲೆ ತುಂಬಿಸುವ ಚಟ ಬಿಡದೆ ಪೇಪರಿನ ಸುಡೊಕುವಿಗೆ ಬಿದ್ದ.

ಹೆಂಡತಿ ಚಿಕ್ಕಬಸಮ್ಮ ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿದು ಸಂಜೆ ಮನೆಗೆ ಬಂದರೆ, ಕಾಫಿಗೆ ಮುಂಚೆ ಪಾಠ.

"ಈ ಲೈನ್ ನೋಡಮ್ಮಿ. ಒಂಬತ್ತು ಸೀಟು, ಒಂದರಿಂದ ಒಂಬತ್ತರ ತನಕ ಒಂಬತ್ತೇ ಪ್ಯಾಸೆಂಜರು. ಯಾವನೂ ಎಲ್ಡು ಸೀಟು ಇಡಿಯಂಗಿಲ್ಲ. ಎಂಟು ಜನ ಕುಂತವ್ರೆ. ಬರದೆ ಇರೋನು ಯಾರು?"

ಅವಳು ಬೆರಳು ಮಡಿಸಿ, "ಆರು" ಅಂದಳು.

"ಖಾಲಿ ಸೀಟು ಅವಂದೇ. ಅಡ್ಡಕ್ಕೂ ಇಂಗೇ, ಉದ್ದಕ್ಕೂ ಇಂಗೇ, ಈ ದಪ್ಪ ಗೆರೆ ಡಬ್ಬದೊಳಗೂ ಇಂಗೇ."

"ಎಲ್ಡು ಖಾಲಿ ಇದ್ರೆ?"

"ಉದ್ದಕ್ಕೆ ಕಣ್ಣಾಕು. ಇಬ್ರಲ್ಲಿ ಒಬ್ಬ ಆ ಸಾಲಲ್ಲಿ ಆಗ್ಲೇ ಕುಂತಿದ್ರೆ ಸೀಟು ಇನ್ನೊಬ್ಬಂದು."

"ಆ ತಲೆನೋವು ನಿಮಗೇ ಇರ್ಲಿ. ನಂಗೆ ಒಂದು ಖಾಲಿ ಇರೋದು ಸಾಕು."

ಅಂದಿನಿಂದ ಅವನು ಸುಡೊಕುವಿನ ಎಲ್ಲ ಮನೆ ತುಂಬಿಸಿ ಒಂದನ್ನು ಮಾತ್ರ ಅವಳಿಗೆಂದು ಉಳಿಸುತ್ತಿದ್ದ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಹೆಗಲ ಮೇಲಿನ ಟವೆಲಿನ ಚುಂಗನ್ನು ಆ ಮನೆಯ ಮೇಲೆ ಹಾಕಿ ಕಾಯುತ್ತಿದ್ದ. "ಇದು ಲೇಡೀಸ್ ಸೀಟು. ನಂಜುಂಡೇಶ್ವರನೇ ಬಂದ್ರೂ ಬಿಡಲ್ಲ."

ಹೀಗಿರುವಾಗ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮೀನು ಓಡಿಸುವ ಆ ಗಂಟಲೂ ನಿಂತಿತು. ನೆನಪೆಷ್ಟು ಉಳಿದಿದೆಯೋ ಹೇಳಲಾಗದು, ರೂಢಿಯಿದ್ದದ್ದನ್ನು ಮಾಡಿಸಿ ನೋಡಿ ಎಂದರು ಮೈಸೂರಿನ ಡಾಕ್ಟರು. ಚಿಕ್ಕಬಸಮ್ಮ ಕೆಲಸ ಬಿಟ್ಟಳು. ಒಳಗೆ ತನ್ನ ಗಂಡ ಇದ್ದಾನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕಿತ್ತು ಅವಳಿಗೆ.

ಸುಡೊಕು ಬಿಡಿಸಲು ಅವಳಿಗೆ ಬಾರದು. ಆದರೆ ನಿನ್ನೆಯ ಉತ್ತರ ಇಂದಿನ ಪೇಪರಿನಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು ನಿನ್ನೆಯ ಮನೆಗಳನ್ನೆಲ್ಲ ತುಂಬಿಸಿ, ಒಂದನ್ನು ಬಿಟ್ಟು, ಅವನನ್ನು ದಿಂಬಿಗೊರಗಿಸಿ, ಎಂದಿನಂತೆ ಹೆಗಲಿಗೆ ಟವೆಲ್ ಹಾಕಿ, ಎಡಗೈಗೆ ಪೆನ್ನು ಹಿಡಿಸುವಳು. ಅವನು ಪೇಪರು ನೋಡುವನು, ಅವಳನ್ನು ನೋಡುವನು, ಪೆನ್ನು ಕೈಬಿಡುವನು. ದಿನಾ ಅದೇ. ಕೊನೆಗೆ ತಾನೇ ಬರೆದು ಕಣ್ಣೊರೆಸಿಕೊಳ್ಳುವಳು.

ಪಕ್ಕದ ಮನೆಯ ಮಂಚಮ್ಮ ನೋಡಲು ಬಂದವಳು, "ಗುರುತು ಇಡೀತಾನೇನವ್ವಾ?" ಅಂದಳು.

"ಏನ್ ಗುರುತಕ್ಕ," ಚಿಕ್ಕಬಸಮ್ಮ ಅವನ ಹೊದಿಕೆ ಸರಿಮಾಡುತ್ತಲೇ ಅಂದಳು. "ಬಸ್ಸು ನಿಂತೈತೆ, ಒಳಗೆ ಯಾರೂ ಇಲ್ಲ. ದ್ಯಾವ್ರು ಬಿರ್ರನೆ ಕರ್ಕೊಂಡ್ರೆ ಅವ್ರಿಗೂ ಸುಖ, ನಂಗೂ ಸುಖ."

ಮಾರನೇ ದಿನವೂ ಪೆನ್ನು ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲು ಬಗ್ಗಿದಾಗ ಅವನ ಎಡಗೈ ಹೆಗಲ ಕಡೆ ಹೊರಟಿತು. ಆ ಗೇಣು ದಾರಿ ಮುಗಿಯುವಷ್ಟರಲ್ಲಿ ಕಪಿಲೆಯನ್ನು ಚಮಚದಲ್ಲಿ ಮೊಗೆದು ಬರಿದು ಮಾಡಬಹುದಿತ್ತು. ಟವೆಲಿನ ಚುಂಗು ಪೇಪರಿನ ಅಂಚಿಗೆ ಬಿತ್ತು. ಎಳೆದ. ಇನ್ನಷ್ಟು ಎಳೆದ. ಖಾಲಿ ಮನೆ ಮುಚ್ಚಿದ ಮೇಲೆ ಕೈ ನಿಲ್ಲಿಸಿ ಅವಳನ್ನೇ ನೋಡಿದ.

ತಿಳಿಯದೆ ಪೆನ್ನು ಬಿಟ್ಟವನಲ್ಲ ಅವನು. ಅದು ಅವನ ಸೀಟಲ್ಲ.

ಚಿಕ್ಕಬಸಮ್ಮ ಎತ್ತಿದ ಪೆನ್ನು ಹಿಡಿದೇ ಅವನ ಪಕ್ಕ ಕೂತಳು. "ನೆನ್ನೆ ಮಂಚಮ್ಮಕ್ಕನ ಜೊತೆ ನಾನಾಡಿದ್ದು ಕೇಳಿಸ್ತೇನ್ರೀ?" ಅಂದಳು.

ಅವನು ಕಣ್ಣು ತಗ್ಗಿಸಿ, ಟವೆಲಿನ ಚುಂಗನ್ನು ಬೆರಳಲ್ಲಿ ಸವರುತ್ತ ಇದ್ದ.

ಅವಳು ಟವೆಲ್ ಸರಿಸಿದಳು. ಸಾಲಿನಲ್ಲಿ ಎಂಟು ಜನ ಕೂತಿದ್ದರು. ಬೆರಳು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಬರದೆ ಉಳಿದವನು ಯಾರೆಂದು ಅವಳಿಗೆ ಎಣಿಸಲಾಗಲಿಲ್ಲ.