ಖಾಲಿ ಇಟ್ಟ ನೆಲ

ಮೊಮ್ಮಗಳು ಹುಟ್ಟಿದ ಬೇಸಿಗೆಯಲ್ಲೇ ಕೆರೆ ದಂಡೆಯ ನಮ್ಮ ನೆಲ ಹೋಯಿತು. ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಓಣಿಯ ಗಂಡಸರು ಕಟ್ಟೆಯ ಮೇಲೆ ನೆಲದ ಚಿಂತೆಯಲ್ಲಿ ಕೂತಿದ್ದಾಗ ನಾನು ತಾಟಿನಲ್ಲಿ ಸಕ್ಕರೆ ಹಿಡಿದು ಮನೆ ಮನೆ ತಿರುಗುತ್ತಿದ್ದೆ.

“ಹೆಣ್ಣ ಹುಟ್ಟೇತಿ, ಇಷ್ಟ್ಯಾಕ ಸಕ್ಕರಿ ಬೇ ಚಿಗವ್ವಾ?” ಅಂದಳು ಪಕ್ಕದ ಮನೆಯವಳು.

“ಗಂಡ ಹುಟ್ಟಿದ್ರ ಉಪ್ಪ ಹಂಚತಿದ್ದೆ. ಬಾಯಿ ತಗಿ,” ಅಂದೆ.

ಏನು ಮಾಡಲಿ, ಹುಚ್ಚು ಹಿಡಿದಿತ್ತು ನನಗೆ. ಮದುವೆಯಾಗಿ ಎಷ್ಟೋ ವರ್ಷ ಕಾದು ಮಗಳು ಹೆತ್ತ ಕೂಸು ಅದು. ಮೂಗು ಥೇಟ್ ನನ್ನದೇ. ಬಟ್ಟೆ ಒಗೆಯುವ ಸೋಡಾಕ್ಕೆ ಒಡೆದ ನನ್ನ ಬೆರಳಿಗೆ ಅದರ ಬೆರಳು ಸುತ್ತಿಕೊಂಡರೆ ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ನಾನು ಏಳುತ್ತಿರಲಿಲ್ಲ.

ನಾವು ಬಟ್ಟೆ ಒಗೆಯುವ ಮಂದಿ. ಗೋಪನಕೊಪ್ಪ ದಾಟಿ ಆಚೆಗೆ ಒಂದು ಕೆರೆ ಇತ್ತು. ನೀರಿನ ಅಂಚಿಗೆ ನಮ್ಮ ಒಗೆಯುವ ಕಲ್ಲುಗಳು. ಅದರ ಹಿಂದೆ ಏರು ದಂಡೆಯ ಮೇಲೆ ಒಣಹಾಕುವ ನೆಲ. ನೋಡುವವರಿಗೆ ಕಾಣುವುದು ಕಲ್ಲು. ನಮಗೆ ಅನ್ನ ಹಾಕುತ್ತಿದ್ದುದು ಆ ನೆಲ. ಎಲ್ಲಿ ಬೇಕಾದರೂ ಒಗೆಯಬಹುದು, ಎಲ್ಲಿ ಬೇಕಾದರೂ ಒಣಗಿಸಲು ಆಗುವುದಿಲ್ಲ. ದವಾಖಾನೆಯ ಚಾದರ, ಖಾನಾವಳಿಯ ಮೇಜಿನ ಬಟ್ಟೆ, ಹಳೇ ಹುಬ್ಬಳ್ಳಿಯ ಕಾಳಿನ ವ್ಯಾಪಾರಸ್ಥರ ಧೋತರ, ಎಲ್ಲ ಒಂದೇ ದಿನ ಹಾಸಬೇಕೆಂದರೆ ಎಷ್ಟು ಜಾಗ ಬೇಕು ನೀವೇ ಹೇಳಿ.

ಆ ನೆಲಕ್ಕೆ ಕಟ್ಟಳೆ ಇತ್ತು. ಅಲ್ಲಿ ಗಿಡ ಹಚ್ಚುವಂತಿಲ್ಲ, ನೆರಳು ಬೀಳುತ್ತದೆ. ಆಡು ಕಟ್ಟುವಂತಿಲ್ಲ. ಕೋಳಿ ಬಿಡುವಂತಿಲ್ಲ. ಗುಡಿಸಲಂತೂ ಬೇಡವೇ ಬೇಡ, ಒಲೆಯ ಹೊಗೆ ಬಿಳಿ ಬಟ್ಟೆಗೆ ಹತ್ತಿದರೆ ಮತ್ತೆ ಉಬ್ಬೆಗೆ ಹಾಕಿ ಬೇಯಿಸಬೇಕು. ಹೊಸದಾಗಿ ಮದುವೆಯಾದ ಹುಡುಗರು ಬಂದು, ಮೂಲೆಯಲ್ಲಿ ನಾಲ್ಕು ತಗಡು ಹಾಕಿಕೊಳ್ಳುತ್ತೇವೆ ಎಂದು ಕೇಳಿದರೂ ಹಿರಿಯರು ಬಿಡುತ್ತಿರಲಿಲ್ಲ. ಸಂಜೆಯಾದರೆ ಬಿದಿರಿನ ಗಳ ಕಿತ್ತು, ಹಗ್ಗ ಸುತ್ತಿ, ಹೆಗಲಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದೆವು. ಹಿಂದೆ ತಿರುಗಿ ನೋಡಿದರೆ ಹುಲ್ಲು, ಆಕಾಶ. ಅಷ್ಟೇ.

ಅಳತೆಯವರು ಬಂದದ್ದು ಅಂಥ ಒಂದು ಸಂಜೆ. ಬೇಸಿಗೆಯಲ್ಲಿ ನೀರು ಕೆಳಗೆ ಸರಿಯುತ್ತದೆ, ನೀರಿನ ಹಿಂದೆ ನಾವೂ ಕಲ್ಲು ಉರುಳಿಸಿಕೊಂಡು ಕೆಳಗೆ ಹೋಗುತ್ತೇವೆ. ಬಟ್ಟೆ, ಗಳ ಎತ್ತಿಟ್ಟು ಕೆಳಗೆ ಕೈಕಾಲು ತೊಳೆಯುತ್ತಿದ್ದೆವು, ಮೇಲೆ ನಿಂತು ನೋಡಿದವರಿಗೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಸರಪಳಿ ಎಳೆದರು, ಸುಣ್ಣ ಚೆಲ್ಲಿದರು, ಹೋದರು. ಕೆಲವು ದಿನಕ್ಕೆ ಫಲಕ ಬಂತು. ಮನೆಗಳ ಚಿತ್ರ, ಚಿತ್ರದಲ್ಲಿ ಕೆರೆ ನೋಡುತ್ತ ಚಹಾ ಕುಡಿಯುವ ಗಂಡ ಹೆಂಡತಿ. ಎರಡನೇ ಇಯತ್ತೆ ಕಲಿತ ನಾನು ಅಕ್ಷರ ಕೂಡಿಸಿ ಓದಿ ಹೇಳಿದೆ. ಸೈಟು ಮಾರುತ್ತಾರಂತೆ.

ನಮ್ಮನೆಯವರು ತಾಲೂಕು ಕಚೇರಿಗೆ ಹೋದರು, ನಾನೂ ಜೊತೆಗೆ ಹೋದೆ. ಅಲ್ಲಿನ ಸಾಹೇಬರು ಕೆಟ್ಟವರಲ್ಲ. ಕೂಡಿಸಿ ಮಾತಾಡಿಸಿದರು.

“ನಿಮ್ಮ ಜಾಗಾ ಅಂತೀರಿ. ಅಲ್ಲಿ ಏನೈತಿ ಹೇಳ್ರಿ. ಮನಿ ಐತೇನು? ಗ್ವಾಡಿ ಐತೇನು? ಒಂದ್ ಗಿಡಾ?”

“ಏನೂ ಇಲ್ರಿ ಸಾಹೇಬ್ರ. ಏನೂ ಇಲ್ಲದಂಗ ಇಡೂದ ನಮ್ಮ ಕೆಲಸ್ರಿ,” ಅಂದರು ಇವರು.

ಸಾಹೇಬರು ನಕ್ಕರು. ಹಂಗಿಸುವ ನಗೆಯಲ್ಲ. “ಆ ಕಡೆ ದಂಡಿಗೆ ಗುಡಿಸಲಾ ಹಾಕ್ಕೊಂಡವರಿಗೆ ಹಕ್ಕುಪತ್ರ ಸಿಕ್ಕುವು. ನೀವೂ ನಾಕ್ ತಗಡ ಹೊಡಕೊಂಡ್ ಕುಂತಿದ್ರ ನಾ ಏನರ ಬರೀಬಹುದಿತ್ತು. ಖಾಲಿ ಜಾಗಾಕ್ಕ ಏನ್ ಬರೀಲಿ?”

ಕೊನೆಗೆ, ನಾನೇ ಬಂದು ನೋಡುತ್ತೇನೆ, ಅಲ್ಲಿ ಕೆಲಸ ನಡೆಯುವುದು ಕಣ್ಣಿಗೆ ಕಂಡರೆ ಹಾಗೇ ಬರೆಯುತ್ತೇನೆ ಅಂದರು. ಸೋಮವಾರ ಮುಂಜಾನೆ ಬರುವುದೆಂದಾಯಿತು.

ಆ ಸೋಮವಾರಕ್ಕಾಗಿ ನಾವು ಬಟ್ಟೆ ಕೂಡಿಹಾಕಿದೆವು. ಗಿರಾಕಿಗಳ ಬೈಗುಳ ತಿಂದು ತಡೆಹಿಡಿದೆವು. ಭಾನುವಾರವೆಲ್ಲ ಉಬ್ಬೆ ಹೊತ್ತಿಸಿದೆವು. ಸೋಮವಾರ ಸೂರ್ಯ ಮೇಲೇರುವಷ್ಟರಲ್ಲಿ ಕಾಲಿಡಲು ಜಾಗವಿಲ್ಲದಂತೆ ನೆಲ ತುಂಬಿತ್ತು. ಸೀರೆಗಳು ಹಗ್ಗದ ಮೇಲೆ ಗಾಳಿ ತುಂಬಿಕೊಂಡಿದ್ದವು, ಚಾದರಗಳು ಹುಲ್ಲಿನ ಮೇಲೆ ಸಾಲು ಹಿಡಿದಿದ್ದವು. ನಾನು ಅವುಗಳ ನಡುವೆ ಮೊಮ್ಮಗಳ ಅರಿವೆಗಳನ್ನೂ ಹಾಕಿದೆ. ಅಂಗೈಯಗಲದ ಜಬಲಾ ಅಂಗಿ, ಹಳೇ ಧೋತರ ಹರಿದು ಕೂಸಿನ ಸೊಂಟಕ್ಕೆ ಸುತ್ತಲು ಮಾಡಿದ ದುಪಟಿ.

“ಇವನ್ನೂ ಸಾಹೇಬರಿಗೆ ತೋರಸ್ತೀಯೇನ?” ಎಂದು ಇವರು ಕೇಳಿದರು.

“ತೋರಸ್ತೇನಿ. ಅಕಿ ಸಾಹೇಬರಿಗಿಂತ ದೊಡ್ಡ ಮನಿಶಾಳ ನನಗ,” ಅಂದೆ. ಬಹಳ ದಿನದ ಮೇಲೆ ಅವರು ನಕ್ಕರು.

ಮುಂಜಾನೆ ಹೋಯಿತು, ಸಾಹೇಬರು ಬರಲಿಲ್ಲ. ಮಧ್ಯಾಹ್ನವಾಯಿತು. ಆ ಬಿಸಿಲಿಗೆ ಬಟ್ಟೆ ಎಂದೋ ಒಣಗಿ ಗರಿಗರಿಯಾಗಿತ್ತು. ಹೆಂಗಸರ ಕೈ ಸುಮ್ಮನಿರಲೊಲ್ಲದು. ಒಬ್ಬಳು ಚಾದರದ ತುದಿ ಮಡಿಸಿದರೆ ಇವರು ಓಡಿ ಹೋಗಿ ಬಿಡಿಸುತ್ತಿದ್ದರು. “ಎತ್ತಬ್ಯಾಡ್ರಿ ಅವ್ವಾರ, ನಿಮ್ಮ ಕೈ ಮುಗೀತೇನಿ, ಇನ್ನೊಂದ್ ಸ್ವಲ್ಪ ಬಿಡ್ರಿ.”

ಆಮೇಲೆ ಬೆಂಗೇರಿ ಕಡೆಯಿಂದ ಮೋಡ ಎದ್ದಿತು. ಮಳೆಗಾಲಕ್ಕೆ ಮುಂಚಿನ ಅಡ್ಡಮಳೆಯ ಗಾಳಿ. ಮಳೆಗಿಂತ ಮೊದಲು ಧೂಳು ಬರುತ್ತದೆ. ಹೊಲಗಳ ಕರಿ ಧೂಳು ಗೋಡೆಯ ಹಾಗೆ ಎದ್ದು ಬರುವುದು ಕಂಡಿತು. ನೆಲವನ್ನು ಯಾರೂ ನೆನೆಯಲಿಲ್ಲ, ಫಲಕವನ್ನೂ ನೆನೆಯಲಿಲ್ಲ. ಇನ್ನೊಬ್ಬರ ಬಟ್ಟೆ, ಧೂಳು ಬಂತು, ಎತ್ತಬೇಕು. ಎಲ್ಲರೂ ಎದ್ದುಬಿದ್ದು ಓಡಿದೆವು. ನೋಡಿದರೆ ಎಲ್ಲರಿಗಿಂತ ಮುಂದೆ ಇವರೇ, ಎರಡೂ ತೋಳ ತುಂಬ ದವಾಖಾನೆಯ ಚಾದರ ಹೊತ್ತು ಓಡುತ್ತಿದ್ದಾರೆ. ಒಂದು ಕರವಸ್ತ್ರವನ್ನೂ ಬಿಡಲಿಲ್ಲ ನಾವು. ಹಾರಿ ಹೋದಾವು ಎಂದು ಗಳವನ್ನೂ ಕಿತ್ತೆವು.

ಗಾಳಿ ನಿಂತಿತು. ನಾಲ್ಕು ಹನಿ ಬಿದ್ದು ಮಳೆಯೂ ನಿಂತಿತು. ಆಗ ಬಂತು ಸಾಹೇಬರ ಜೀಪು.

ಅವರು ಇಳಿದು ದಂಡೆಯ ಮೇಲೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಗಂಟು ಹೊತ್ತ ನಮ್ಮನ್ನು ನೋಡಿದರು.

“ಎಲ್ಲಾ ಇತ್ರಿ ಸಾಹೇಬ್ರ. ಈಗ ಎತ್ತಿದ್ವಿ. ಹಾಸಿ ತೋರಸ್ತೇವಿ, ಒಂದ್ ಐದ್ ನಿಮಿಷ,” ಎಂದು ಇವರು ಗಂಟು ಬಿಚ್ಚತೊಡಗಿದರು.

“ತೋರಸಾಕ ಹಾಸೂದ್ ಬ್ಯಾಡ್ರಿ ಯಜಮಾನ್ರ,” ಅಂದರು ಸಾಹೇಬರು, ಮೆತ್ತಗೆ. “ನಾ ಬಂದಾಗ ಕಂಡದ್ದನ್ನ ನಾ ಬರೀಬೇಕಲ್ಲ.”

ಇವರು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದರು.

ಮಳೆಗಾಲಕ್ಕೆ ಮೊದಲೇ ತಂತಿ ಬೇಲಿ ಬಂತು. ಕೆರೆ ಯಾರದೂ ಅಲ್ಲ, ಒಗೆಯಿರಿ ಅಂದರು ಬೇಲಿ ಹಾಕಿದವರು. ಒಗೆದು ಎಲ್ಲಿ ಹಾಕಬೇಕು? ಹಸಿ ಬಟ್ಟೆಯ ಭಾರ ಹೊತ್ತವರಿಗೇ ಗೊತ್ತು. ರಸ್ತೆ ಬದಿಯ ಬೇಲಿ, ಮುಳ್ಳಿನ ಕಂಟಿ, ಸಾಲೆಯ ಗೋಡೆ, ಎಲ್ಲ ಕಡೆ ಹಾಕಿ ನೋಡಿದೆವು. ದವಾಖಾನೆಯವರು ಚಾದರದಲ್ಲಿ ಮುಳ್ಳು ಸಿಕ್ಕಿತೆಂದು ನಮ್ಮನ್ನು ಬಿಟ್ಟರು. ಪಕ್ಕದ ಮನೆಯವಳು ಖಾನಾವಳಿಯಲ್ಲಿ ಮುಸುರೆ ತಿಕ್ಕಲು ಹೋದಳು. ಇವರು ಇಸ್ತ್ರಿ ಗಾಡಿ ಹಾಕಿಕೊಂಡರು. ಬೇರೆ ಯಾರೋ ಒಗೆದು ಒಣಗಿಸಿದ ಬಟ್ಟೆಗೆ ಇಸ್ತ್ರಿ ಹಾಕುವಾಗ ಅದನ್ನು ಮೂಸಿ ನೋಡಿ, “ನೆರಳಾಗ ಒಣಗೇತಿ,” ಅನ್ನುತ್ತಿದ್ದರು.

ನನಗೆ ಮಾತ್ರ ಎದೆ ತುಂಬ ಕೂಸು. ಅದು ಮಗ್ಗುಲು ಹೊರಳಿತೆಂದು ಸಂಭ್ರಮ, ನಕ್ಕಿತೆಂದು ಸಂಭ್ರಮ. ಆದರೆ ಮಳೆ ಹಿಡಿದುಕೊಂಡಿತು. ನಮ್ಮ ಮನೆಯೊಳಗೆ ಒಲೆ ಮೇಲೆ ಒಣಗಿಸಿದ ದುಪಟಿಗೆ ಹೊಗೆಯ ವಾಸನೆ, ಕೂಸಿನ ತೊಡೆಗೆ ಕೆಂಪು ಗುಳ್ಳೆ. ಶ್ರಾವಣದಲ್ಲಿ ಒಂದು ದಿನ ಬಿಸಿಲು ಬಿದ್ದ ಕೂಡಲೇ ಬುಟ್ಟಿ ಹೊತ್ತು ಬೇಲಿಯ ಹತ್ತಿರ ಹೋದೆ. ಕಾವಲಿನವ ನನ್ನಷ್ಟೇ ವಯಸ್ಸಾದವ.

“ಕೂಸಿನವು. ಒಳಗ ಹಾಕಲೇನಪಾ?”

“ಲಗೂ ತಗೀಬೇಕ ನೋಡ್ರಿ ಮತ್ತ. ಮಾಲಕರ ಗಾಡಿ ಬರತೈತಿ.”

ಇನ್ನೂ ಯಾರೂ ಮನೆ ಕಟ್ಟಿರದ ಒಂದು ಸೈಟಿನ ಹುಲ್ಲಿನ ಮೇಲೆ ಹಾಸಿದೆ. ಸೈಟಿನ ನಾಲ್ಕು ಕಲ್ಲಿನ ನಡುವೆ ಜಬಲಾ, ಕುಂಚಿಗೆ, ದುಪಟಿ. ಬಿಸಿಲು ಚೆನ್ನಾಗಿತ್ತು, ಗಾಳಿ ಸಣ್ಣಗೆ ಇತ್ತು, ಧೂಳಿರಲಿಲ್ಲ. ಮಧ್ಯಾಹ್ನಕ್ಕೆ ಅವನು ಬಂದು ನಿಂತ.

“ಒಣಗ್ಯಾವಲ್ಲಬೇ ಯವ್ವಾ. ತಗೀರಿನ್ನ.”

ಒಂದು ದುಪಟಿಯನ್ನು ಮುಟ್ಟಿ ನೋಡಿದೆ. ಆಗಷ್ಟೇ ಬೇಯಿಸಿದ ರೊಟ್ಟಿಯ ಹಾಗೆ ಬೆಚ್ಚಗಿತ್ತು, ಗರಿಗರಿಯಾಗಿತ್ತು.

“ಇನ್ನೂ ಹಸಿ ಅದಾವಪಾ,” ಎಂದು ಅವುಗಳ ಪಕ್ಕದಲ್ಲೇ ಕಾಲು ಚಾಚಿ ಕೂತೆ.